ರಾಷ್ಟ್ರಪತಿ ನುಡಿದದ್ದು, ಹರಪನಹಳ್ಳಿ ಕೇಳಿದ್ದು

ನಮ್ಮ ಕಡೆ ಮಂದಿಗೆ ದೊಡ್ಡವರ ಮಾತು ಕೇಳುವ ಒಂದು ರೀತಿ ಇದೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆ ಆದಮೇಲೆ ಕಾರಣಿಕ ಆಗುತ್ತದೆ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ 'ಸದ್ದಲೇ' ಅಂತ ಕೂಗುತ್ತಾನೆ. ಲಕ್ಷಾಂತರ ಮಂದಿ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಅವನು ಒಂದೇ ಒಂದು ಸಾಲು ನುಡಿದು ಮೇಲಿಂದ ಬೀಳುತ್ತಾನೆ. ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಅಷ್ಟೇ. ಆ ಒಂದು ಸಾಲನ್ನು ಕಟ್ಟಿಕೊಂಡು ಮಂದಿ ತಮ್ಮ ತಮ್ಮ ಊರಿಗೆ ಹೋಗ್ತಾರೆ. ರೈತ ಅದನ್ನ ಮಳೆ ಅಂತ ಬಿಡಿಸುತ್ತಾನೆ, ದಲ್ಲಾಳಿ ಧಾರಣೆ ಅಂತ ಬಿಡಿಸುತ್ತಾನೆ, ರಾಜಕಾರಣಿ ಕುರ್ಚಿ ಅಂತ ಬಿಡಿಸುತ್ತಾನೆ. ಕೂಲಿ ಮಾಡುವವನು ಏನಂತ ಬಿಡಿಸುತ್ತಾನೆ ಅನ್ನೋದನ್ನ ಯಾವ ಪತ್ರಿಕೆಯೂ ಬರೆಯೋದಿಲ್ಲ.

ವಿಚಾರವಾದಿಗಳಾದ ನಾವು ಕಾರಣಿಕವನ್ನು ನಂಬುವವರಲ್ಲ. ಆದರೆ 2000ನೇ ಇಸವಿಯ ಜನವರಿ 25ರ ರಾತ್ರಿ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಅವರು ಟೆಲಿವಿಷನ್ನಿನಲ್ಲಿ ಮಾಡಿದ ಭಾಷಣವನ್ನು ಹರಪನಹಳ್ಳಿ ತಾಲ್ಲೂಕಿನ ಕೇರಿಗಳು ಹೇಗೆ ಕೇಳಿದವು ಅಂತ ವಿಚಾರ ಮಾಡಿದರೆ ಮೈಲಾರದ ಬಿಲ್ಲೇ ನೆನಪಿಗೆ ಬರುತ್ತದೆ. ಇಡೀ ಭಾಷಣ ಯಾರಿಗೂ ದಕ್ಕಲಿಲ್ಲ. ಒಂದು ಸಾಲು ದಕ್ಕಿತು. ಆ ಸಾಲನ್ನು ಒಬ್ಬೊಬ್ಬರು ನಿಂತ ಜಾಗದಿಂದ ಒಂದೊಂದು ಥರ ಬಿಡಿಸಿದರು. ದೆಹಲಿ ಅದನ್ನು ಹೇಗೆ ಕೇಳಿತು ಅನ್ನೋದಕ್ಕೆ ಇಂಗ್ಲಿಷ್ ಪತ್ರಿಕೆಗಳ ಕಡತ ಇದೆ. ನಮ್ಮದಕ್ಕೆ ಕಡತ ಇಲ್ಲ. ಅದಕ್ಕೇ ಈ ಬರಹ.

ಮೊದಲು ಆ ಮನುಷ್ಯನ ವಿಷಯ ಹೇಳಬೇಕು. ಕೊಚೇರಿಲ್ ರಾಮನ್ ನಾರಾಯಣನ್ ಹುಟ್ಟಿದ್ದು ತಿರುವಾಂಕೂರು ಸಂಸ್ಥಾನದ ಉಳವೂರಿನಲ್ಲಿ, ಹುಲ್ಲು ಗುಡಿಸಲಿನಲ್ಲಿ. ಸರ್ಕಾರಿ ದಾಖಲೆಯ ಪ್ರಕಾರ 1920. ಜಾತಿಯಿಂದ ಪರವ. ಅಪ್ಪ ಬೇರು ನಾರು ಕೊಡುವ ನಾಟಿ ವೈದ್ಯ. ಗದ್ದೆ ಬದುವಿನ ಮೇಲೆ ಮೈಲಿಗಟ್ಟಲೆ ನಡೆದು ಶಾಲೆಗೆ ಹೋಗಬೇಕು. ಫೀ ಕಟ್ಟದ ದಿನ ತರಗತಿಯ ಹೊರಗೆ ನಿಂತು ಪಾಠ ಕೇಳಬೇಕು. ಪುಸ್ತಕ ಕೊಳ್ಳುವ ತ್ರಾಣ ಇಲ್ಲದ್ದರಿಂದ ಅಣ್ಣ ಬೇರೆ ಹುಡುಗರ ಪುಸ್ತಕ ಎರವಲು ತಂದು ಕೈಯಲ್ಲಿ ನಕಲು ಮಾಡಿ ಕೊಡುತ್ತಿದ್ದ. ಈ ವಿವರ ಓದಿದಾಗ ನಮ್ಮ ಕೇರಿಯ ಯಾವ ಹುಡುಗನಿಗೂ ಆಶ್ಚರ್ಯ ಆಗಲಿಲ್ಲ. ಫೀ ಕಟ್ಟದೆ ಹೊರಗೆ ನಿಲ್ಲೋದು ನಮಗೇನು ಹೊಸದೇ?

ಆಶ್ಚರ್ಯ ಆಗಿದ್ದು ಮುಂದಿನ ಭಾಗ. 1943ರಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ತಿರುವಾಂಕೂರು ವಿಶ್ವವಿದ್ಯಾಲಯಕ್ಕೇ ಮೊದಲಿಗರಾಗಿ ಪಾಸಾದ ನಾರಾಯಣನ್‌ಗೆ ಅಲ್ಲಿನ ದಿವಾನರ ಸರ್ಕಾರ ಅಧ್ಯಾಪಕ ಹುದ್ದೆ ಕೊಡಲಿಲ್ಲ. ಅವರು ಪದವಿ ಪತ್ರ ತೆಗೆದುಕೊಳ್ಳದೆ ಊರು ಬಿಟ್ಟರು. ಪತ್ರಕರ್ತರಾದರು. ಟಾಟಾ ಕೊಟ್ಟ ನೆರವಿನಿಂದ ಲಂಡನ್ನಿಗೆ ಹೋಗಿ ಹೆರಾಲ್ಡ್ ಲಾಸ್ಕಿಯ ಹತ್ತಿರ ಓದಿದರು. 1949ರಲ್ಲಿ ವಿದೇಶಾಂಗ ಸೇವೆ ಸೇರಿದರು. ಚೀನಾಕ್ಕೂ ಅಮೆರಿಕಕ್ಕೂ ರಾಯಭಾರಿಯಾದರು. ಒಟ್ಟಪಾಲಂನಿಂದ ಮೂರು ಸಲ ಲೋಕಸಭೆಗೆ ಗೆದ್ದರು. 1992ರಲ್ಲಿ ಉಪರಾಷ್ಟ್ರಪತಿ, 1997ರ ಜುಲೈ 25ಕ್ಕೆ ರಾಷ್ಟ್ರಪತಿ. ಆ ಕುರ್ಚಿಯಲ್ಲಿ ಕೂತ ಮೊದಲ ದಲಿತ.

ಆ ವರ್ಷ ನಮ್ಮ ಕಡೆ ಮೂರು ಸುದ್ದಿ ಒಂದರ ಹಿಂದೊಂದು ಬಂದವು. ಏಪ್ರಿಲ್‌ನಲ್ಲಿ ಪ್ರೊ. ಬಿ. ಕೃಷ್ಣಪ್ಪ ತೀರಿಹೋದರು. ಹರಿಹರದಲ್ಲಿ ಹುಟ್ಟಿ, ಭದ್ರಾವತಿಯಲ್ಲಿ ಮೇಷ್ಟ್ರಾಗಿ, ದಲಿತ ಸಂಘರ್ಷ ಸಮಿತಿಯನ್ನು ಊರೂರಿಗೆ ಒಯ್ದವರು. ಹರಪನಹಳ್ಳಿಗೆ ಹರಿಹರ ಎಷ್ಟು ದೂರ! ಕೇರಿಯಲ್ಲಿ ಸೂತಕ ಬಿದ್ದ ಹಾಗಾಯಿತು. ಜುಲೈಯಲ್ಲಿ ನಾರಾಯಣನ್. ಆಗಸ್ಟ್ 15ಕ್ಕೆ ಹೊಸ ದಾವಣಗೆರೆ ಜಿಲ್ಲೆ. ಹರಪನಹಳ್ಳಿಯನ್ನು ಬಳ್ಳಾರಿಯಿಂದ ಕಿತ್ತು ಅದಕ್ಕೆ ಹಚ್ಚಿದರು. ಮದ್ರಾಸ್ ಪ್ರಾಂತ್ಯದಿಂದ 1953ರಲ್ಲಿ ಮೈಸೂರಿಗೆ ಬಂದ ತಾಲ್ಲೂಕು, ಈಗ ಮತ್ತೊಂದು ಕಡೆಗೆ. ನಮ್ಮನ್ನ ಕೇಳಿ ಯಾರೂ ಗೆರೆ ಎಳೆದಿಲ್ಲ, ಅದು ಬೇರೆ ಮಾತು.

ಮೊದಲ ದಲಿತ ರಾಷ್ಟ್ರಪತಿ ಅಂದಾಗ ಕೇರಿ ಕುಣಿದಾಡಿತು ಅಂತ ಬರೆದರೆ ಸುಳ್ಳಾಗುತ್ತದೆ. ನಮ್ಮ ಹಿರಿಯರು ಅಷ್ಟು ಸುಲಭಕ್ಕೆ ಕುಣಿಯುವವರಲ್ಲ. 'ಕುರ್ಚಿ ಕೊಟ್ಟಾರ, ಕೋಲು ಕೊಟ್ಟಿಲ್ಲ' ಅಂದವರಿದ್ದರು. ಮಂತ್ರಿಮಂಡಲ ಬರೆದದ್ದಕ್ಕೆ ಒತ್ತುವ ಮುದ್ರೆ ಅಂತಲೇ ಎಲ್ಲರ ತಿಳುವಳಿಕೆ. ಆದರೆ ಈ ಮನುಷ್ಯ ಸ್ವಲ್ಪ ಬೇರೆ ಅಂತ ಕಾಣಲು ಶುರುವಾಯಿತು. 1997ರ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶದ ಸರ್ಕಾರ ವಜಾ ಮಾಡಬೇಕು ಅಂತ ಸಂಪುಟ ಕಳಿಸಿದ ಕಾಗದವನ್ನು ವಾಪಸು ಕಳಿಸಿದರು. ಮರುವರ್ಷ ಬಿಹಾರದ ಕಾಗದವನ್ನೂ ಹಾಗೇ. 1998ರ ಚುನಾವಣೆಯಲ್ಲಿ ಎಲ್ಲರ ಹಾಗೆ ಸರದಿಯಲ್ಲಿ ನಿಂತು ಓಟು ಹಾಕಿದರು. ಈ ಸರದಿಯ ಸುದ್ದಿ ನಮ್ಮವರ ಮನಸ್ಸಿಗೆ ಹಿಡಿಸಿತು. ಯಾಕಂದ್ರೆ ಸರದಿ ಅನ್ನೋದು ನಮ್ಮ ಪಾಲಿಗೆ ಬರೀ ಸಾಲಲ್ಲ. ಬಾವಿಯ ಹತ್ತಿರ, ಹೋಟೆಲಿನ ಹತ್ತಿರ, ಗುಡಿಯ ಹತ್ತಿರ ಸಾಲಿನಲ್ಲಿ ಸೇರಿಸಿಕೊಳ್ಳದೆ ಪಕ್ಕಕ್ಕೆ ನಿಲ್ಲಿಸಿದ ಮಂದಿ ನಾವು.

ಇನ್ನು ಭಾಷಣ. ಗಣರಾಜ್ಯೋತ್ಸವದ ಹಿಂದಿನ ದಿನ ರಾಷ್ಟ್ರಪತಿ ದೇಶವನ್ನು ಉದ್ದೇಶಿಸಿ ಮಾತಾಡುವುದು ರೂಢಿ. ದೂರದರ್ಶನ, ಆಕಾಶವಾಣಿ ಎರಡರಲ್ಲೂ ಬರುತ್ತದೆ. ಸಾಮಾನ್ಯವಾಗಿ ಅದನ್ನು ಯಾರೂ ನೋಡೋದಿಲ್ಲ. ಹಿಂದಿ, ಇಂಗ್ಲಿಷು, ಹಿಂದೆ ಒಂದು ಧ್ವಜ, ಮುಖದಲ್ಲಿ ಭಾವನೆ ಇಲ್ಲ, ನಮ್ಮ ಮಹಾನ್ ದೇಶ, ಹಸಿರು ಕ್ರಾಂತಿ, ಗಡಿಯಲ್ಲಿನ ಜವಾನರು. ಚಾನೆಲ್ಲು ತಿರುಗಿಸುವ ಹೊತ್ತು. 2000ದ್ದು ಗಣರಾಜ್ಯಕ್ಕೆ 50 ತುಂಬುವ ವರ್ಷ. ಹಬ್ಬದ ಮಾತೇ ಬರುತ್ತದೆ ಅಂತ ಎಲ್ಲರೂ ತಿಳಿದಿದ್ದರು.

ಬಂದದ್ದು ಲೆಕ್ಕಪತ್ರ. ಐವತ್ತು ವರ್ಷವಾದರೂ ಸಾಮಾಜಿಕ, ಆರ್ಥಿಕ, ರಾಜಕೀಯ ನ್ಯಾಯ ಕೋಟ್ಯಂತರ ಜನರಿಗೆ ಈಡೇರದ ಕನಸಾಗಿಯೇ ಉಳಿದಿದೆ ಅಂದರು. ತಂತ್ರಜ್ಞರ ದೊಡ್ಡ ಪಡೆ ನಮ್ಮಲ್ಲಿದೆ, ಲೋಕದಲ್ಲೇ ಹೆಚ್ಚು ನಿರಕ್ಷರಿಗಳೂ ನಮ್ಮಲ್ಲೇ. ದೊಡ್ಡ ಮಧ್ಯಮವರ್ಗವೂ ಇಲ್ಲೇ, ಹೆಚ್ಚು ಬಡವರೂ ಇಲ್ಲೇ ಅಂದರು. ಕೊಳಕಿನ ನಡುವಿನಿಂದ ಕಾರ್ಖಾನೆಗಳು ಏಳುತ್ತಿವೆ, ಗುಡಿಸಲುಗಳ ಮಧ್ಯದಿಂದ ಉಪಗ್ರಹಗಳು ಹಾರುತ್ತಿವೆ ಅಂದರು. ದಲಿತರು, ಆದಿವಾಸಿಗಳು ಎಲ್ಲರಿಗಿಂತ ಹೆಚ್ಚು ಪೆಟ್ಟು ತಿಂದವರು ಅಂದರು. ಹೊಸ ಶ್ರೀಮಂತರ ಭೋಗವನ್ನು ನಾಚಿಕೆಗೇಡು ಅಂದರು. ಸಮಾಜದ ಅರ್ಧ ಭಾಗ ಗ್ಯಾಸು ತುಂಬಿದ ತಂಪು ಪಾನೀಯ ಗಟಗಟ ಕುಡಿಯುತ್ತಿದ್ದರೆ ಇನ್ನರ್ಧ ಬೊಗಸೆಯಲ್ಲಿ ಕೆಸರು ನೀರು ಎತ್ತಿ ಕುಡಿಯುತ್ತಿದೆ ಅಂದರು. ಉದಾರೀಕರಣ, ಖಾಸಗೀಕರಣ, ಜಾಗತೀಕರಣದ ಮೂರು ಸಾಲಿನ ವೇಗದ ಹೆದ್ದಾರಿಯಲ್ಲಿ ನಡೆದುಹೋಗುವ ಬಡ ಭಾರತಕ್ಕೂ ರಸ್ತೆ ದಾಟಲು ಜಾಗ ಬಿಡಬೇಕು ಅಂದರು. ಅದರ ಬೆನ್ನಿಗೇ ಆ ಸಾಲು: ಸಹನೆಯ ಮನುಷ್ಯನ ಸಿಟ್ಟಿಗೆ ಹುಷಾರಾಗಿರಿ ಅನ್ನುವ ಹಳೆಯ ಇಂಗ್ಲಿಷ್ ಮಾತು ನೆನೆದು, ಬಹುಕಾಲದಿಂದ ನೋವುಂಡು ತಾಳಿಕೊಂಡ ಜನರ ಸಿಟ್ಟಿಗೆ ಹುಷಾರಾಗಿರಿ ಅಂತ ಅದನ್ನು ಬೆಳೆಸಿದರು.

ನಮ್ಮ ಕೇರಿಯಲ್ಲಿ ಆಗ ಟಿ.ವಿ. ಇದ್ದದ್ದು ಎರಡು ಮನೆಯಲ್ಲಿ. ಒಂದು ಮನೆಯ ಹುಡುಗ ಕಾಲೇಜು ಓದುತ್ತಿದ್ದ, ಅವನು ಇಂಗ್ಲಿಷಿನಿಂದ ಚೂರು ಚೂರು ಬಿಡಿಸಿ ಹೇಳಿದ. ಆಕಾಶವಾಣಿಯ ಕನ್ನಡ ಕೇಳಿದವರು ಕೆಲವರು. ಮಾರನೇ ದಿನ ಬಸ್‌ಸ್ಟ್ಯಾಂಡಿನ ಪತ್ರಿಕೆ ಅಂಗಡಿಯ ಮುಂದೆ ನಿಂತು ಓದಿದವರು ಕೆಲವರು. ಹೀಗೆ ಕೈಯಿಂದ ಕೈಗೆ ಬಂದು ಅದು ಕೇರಿಯ ಕಟ್ಟೆ ಮುಟ್ಟುವ ಹೊತ್ತಿಗೆ ಹೆದ್ದಾರಿ, ಉಪಗ್ರಹ ಎಲ್ಲ ಉದುರಿಹೋಗಿ ಎರಡೇ ಉಳಿದಿದ್ದವು. ಕೆಸರು ನೀರು, ಸಿಟ್ಟು.

ಕೆಸರು ನೀರಿನ ಮಾತಿಗೆ ಹೆಂಗಸರು ಮೊದಲು ಕಿವಿಗೊಟ್ಟರು. ನೀರು ತರುವವರು ಅವರೇ. ತಾಲ್ಲೂಕಿನ ಪಡುವಣ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ಮೂಡಣಕ್ಕೆ ಬಂದರೆ ಜೋಳ, ನವಣೆಯ ಮಳೆಯಾಶ್ರಿತ ಹೊಲ. ಬೇಸಿಗೆಯಲ್ಲಿ ಬೋರಿನ ಮುಂದೆ ಕೊಡದ ಸಾಲು, ಆ ಸಾಲಿನಲ್ಲೂ ಯಾರ ಕೊಡ ಯಾವ ಕಡೆ ಅನ್ನುವ ಲೆಕ್ಕ. ಒಬ್ಬ ಮುದುಕಿ ಕೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ: 'ಆ ಯಪ್ಪಗ ಹೆಂಗ ಗೊತ್ತಾತು? ಡೆಲ್ಲಿಯಾಗ ನಳದ ನೀರ ಇರ್ತಾವಲ್ಲ?' ಕಾಲೇಜು ಹುಡುಗ ಹೇಳಿದ, ಆತನೂ ನಮ್ಮಂಗೇ ಅಜ್ಜಿ, ಸಣ್ಣವನಿದ್ದಾಗ ಕುಡಿದಿರ್ತಾನೆ. ಮುದುಕಿ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಂಗಾದ್ರ ಮರ್ತಿಲ್ಲ' ಅಂದಳು. ಆ ಭಾಷಣದ ಬಗ್ಗೆ ಆಮೇಲೆ ಎಷ್ಟೋ ವಿದ್ವತ್ತಿನ ಲೇಖನ ಓದಿದೆ. ಇದಕ್ಕಿಂತ ಸರಿಯಾದ ವಿಮರ್ಶೆ ಕಂಡಿಲ್ಲ.

ದೇವದಾಸಿ ಮಾಡಿಸಿಕೊಂಡಿದ್ದ ಒಬ್ಬ ತಾಯಿಯ ಮಾತು ಇನ್ನೊಂದು. ಉಚ್ಚಂಗಿದುರ್ಗ ನಮ್ಮ ತಾಲ್ಲೂಕಿನಲ್ಲೇ ಇದೆ. ಅಲ್ಲಿ ಭರತ ಹುಣ್ಣಿಮೆಗೆ ನಮ್ಮ ಕೇರಿಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿದ ಚರಿತ್ರೆ ಯಾರಿಂದಲೂ ಮುಚ್ಚಿಡಲಾಗದು. 1982ರಲ್ಲಿ ಕರ್ನಾಟಕ ಸರ್ಕಾರ ನಿಷೇಧದ ಕಾನೂನು ತಂದಿತು. ಕಾನೂನು ಬಂದಮೇಲೆ ಹಗಲಿನದು ರಾತ್ರಿಗೆ ಹೋಯಿತು. ಆ ತಾಯಿ ಕೇಳಿದಳು: 'ಸಿಟ್ಟಿಗೆ ಹುಷಾರಾಗಿರ್ರಿ ಅಂದನಂತಲ್ಲ, ಯಾರಿಗಂದ? ನಮಗಂದನ, ಅವರಿಗಂದನ?' ಅವರಿಗೆ ಅಂದದ್ದು ಅಂತ ಹೇಳಿದರೆ ನಕ್ಕಳು. 'ಅವರು ಕೇಳಿಸ್ಕೊಂಡ್ರನ?'

ಇದು ಬಹಳ ದೊಡ್ಡ ಪ್ರಶ್ನೆ. ಕನ್ನಡದಲ್ಲಿ ತಾಳಿದವನು ಬಾಳಿಯಾನು ಅಂತ ಗಾದೆ ಇದೆ. ಹುಟ್ಟಿದಾಗಿನಿಂದ ನಮ್ಮ ಕಿವಿಗೆ ಇದನ್ನೇ ಹೊಯ್ದಿದ್ದಾರೆ. ಗೌಡ ಹೊಡೆದ, ತಾಳಿಕೋ. ಸಾಹುಕಾರ ಕೂಲಿ ಮುರಿದ, ತಾಳಿಕೋ. ಹೋಟೆಲಿನವನು ಲೋಟ ಬೇರೆ ಇಟ್ಟ, ತಾಳಿಕೋ, ಬಾಳ್ತೀಯ. ತಾಳುವವನಿಗೆ ಮಾತ್ರ ಹೇಳುವ ಗಾದೆ ಇದು. ತಾಳುವಂತೆ ಮಾಡಿದವನಿಗೆ ಹೇಳಲು ನಮ್ಮ ಹತ್ತಿರ ಗಾದೆಯೇ ಇರಲಿಲ್ಲ. ನಾರಾಯಣನ್ ಆ ರಾತ್ರಿ ಮಾಡಿದ್ದು ಏನಂದರೆ ಗಾದೆಯ ಮುಖ ತಿರುಗಿಸಿದ್ದು. ತಾಳಿದವನಿಗೆ ತಾಳು ಅನ್ನಲಿಲ್ಲ. ತಾಳಿಸಿದವನಿಗೆ ಹೆದರು ಅಂದರು. ಅದೂ ಯಾವ ಕುರ್ಚಿಯಿಂದ! ಮೂರೂ ಸೇನೆಗಳ ಮಹಾದಂಡನಾಯಕನ ಕುರ್ಚಿಯಿಂದ.

ಇದೇ ಮಾತು ನಮ್ಮಲ್ಲಿ ಹೊಸದಾಗಿರಲಿಲ್ಲ, ಒಪ್ಪುತ್ತೇನೆ. ಎಪ್ಪತ್ತರ ದಶಕದಿಂದ ತಮಟೆ ಬಡಿದು ಹೇಳಿದ್ದು ಇದೇ. 1979ರಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತಿಗಳು ಸೇರಿದಾಗ ಹೇಳಿದ್ದೂ ಇದೇ. ಸಂಘದ ಗೆಳೆಯರು ಕೆಲವರು ಭಾಷಣ ಕೇಳಿ ಮೂಗು ಮುರಿದರು. 'ನಾವು ಬೀದಿಯಲ್ಲಿ ಹೇಳಿ ಲಾಠಿ ತಿಂದ ಮಾತನ್ನ ಇವರು ಇಪ್ಪತ್ತೈದು ವರ್ಷ ಆದಮೇಲೆ ಅರಮನೆಯಲ್ಲಿ ಕೂತು ಹೇಳಿದ್ರು' ಅಂದರು. ಅದರಲ್ಲಿ ನಿಜ ಇದೆ. ಆದರೆ ಒಂದು ನೆನಪು ಮಾಡಿಕೊಳ್ಳಬೇಕು. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ಅವರು ಆಗ ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿ. ಒಂದು ಪದ. ಕಾಲೇಜುಗಳು ಬಂದ್ ಆದವು, ಬೀದಿಯಲ್ಲಿ ಕಲ್ಲು ಬಿದ್ದವು, ಹಾಸ್ಟೆಲಿನ ದಲಿತ ಹುಡುಗರಿಗೆ ಪೆಟ್ಟು ಬಿದ್ದವು. ಕಡೆಗೆ ಮಂತ್ರಿಗಿರಿ ಹೋಯಿತು. ದಲಿತ ಸಂಘಟನೆ ಕರ್ನಾಟಕದಲ್ಲಿ ಮೈಕೊಡವಿ ಎದ್ದದ್ದೇ ಆ ಪೆಟ್ಟಿನಿಂದ. ಅಧಿಕಾರದಲ್ಲಿರುವ ದಲಿತ ಬಾಯಿ ಬಿಟ್ಟರೆ ಏನಾಗುತ್ತದೆ ಅನ್ನೋದಕ್ಕೆ ನಮ್ಮ ಹತ್ತಿರ ಇದ್ದ ಅಳತೆಗೋಲು ಅದು. ರಾಷ್ಟ್ರಪತಿಯನ್ನು ಹಾಗೆ ಬೀದಿಗೆಳೆಯಲು ಆಗಲಿಲ್ಲ. ಬದಲಿಗೆ ಬೇರೆ ಮಾತು ಎದ್ದಿತು: ರಾಷ್ಟ್ರಪತಿ ಹೀಗೆಲ್ಲ ಮಾತಾಡಬಹುದೇ, ಇದು ಪದವಿಗೆ ಶೋಭೆಯೇ?

ಇದೇ ರಾಗವನ್ನು ನಮ್ಮ ಪೇಟೆಯಲ್ಲೂ ಕೇಳಿದೆ. ಅಂಗಡಿಯ ಗಾದಿಯ ಮೇಲೆ ಕೂತ ಒಬ್ಬ ಸಾಹುಕಾರ, ಕೆಟ್ಟ ಮನುಷ್ಯನೇನಲ್ಲ, ನಗುತ್ತಲೇ ಹೇಳಿದ: 'ಹಬ್ಬದ ದಿನ ಮನೀ ಯಜಮಾನ ಮನೀ ಸಾಲದ ಲೆಕ್ಕ ಓದ್ತಾನೇನ್ರಿ?' ನಾನು ಅಂದೆ, ಸಾಲ ಕೊಟ್ಟವರು ಹಬ್ಬದ ಊಟಕ್ಕೆ ಕರೀದೆ ಹೊರಗ ಕುಂತಾರಲ್ರಿ, ಅವರಿಗೆ ಯಾವಾಗ ಓದಿ ಹೇಳೋದು? ಅವನು ಮಾತು ತಿರುಗಿಸಿ ಶೇಂಗಾ ಧಾರಣೆಗೆ ಹೋದ. ಆ ತಾಯಿಯ ಪ್ರಶ್ನೆಗೆ ಇದು ಒಂದು ಉತ್ತರ. ಅವರು ಕೇಳಿಸಿಕೊಂಡರು. ಹೆದರಲಿಲ್ಲ, ಮುಜುಗರ ಪಟ್ಟುಕೊಂಡರು.

ಎರಡೇ ದಿನಕ್ಕೆ, ಜನವರಿ 27ಕ್ಕೆ, ಪಾರ್ಲಿಮೆಂಟಿನ ಸೆಂಟ್ರಲ್ ಹಾಲಿನಲ್ಲಿ ಗಣರಾಜ್ಯದ ಸುವರ್ಣ ಸಮಾರಂಭ. ಆಗ ವಾಜಪೇಯಿ ಸರ್ಕಾರ ಸಂವಿಧಾನವನ್ನು ಮರುಪರಿಶೀಲನೆಗೆ ಒಡ್ಡುವ ಮಾತಾಡುತ್ತಿತ್ತು. ಪ್ರಧಾನಿ ಎದುರಿಗೇ ಕೂತಿದ್ದರು. ಸಂವಿಧಾನ ನಮ್ಮನ್ನು ಸೋಲಿಸಿತೋ, ನಾವೇ ಸಂವಿಧಾನವನ್ನು ಸೋಲಿಸಿದೆವೋ ಅಂತ ವಿಚಾರ ಮಾಡಬೇಕು ಅಂದರು ನಾರಾಯಣನ್. ಈ ಪ್ರಶ್ನೆಯ ಬೇರು ಬಾಬಾಸಾಹೇಬರಲ್ಲಿದೆ. 1948ರ ನವೆಂಬರ್ 4ರಂದು ಕರಡನ್ನು ಮಂಡಿಸುತ್ತಾ ಅವರು ಹೇಳಿದ್ದರು: ಈ ಸಂವಿಧಾನದ ಕೆಳಗೆ ಏನಾದರೂ ಕೆಟ್ಟರೆ ಅದಕ್ಕೆ ಕಾರಣ ಸಂವಿಧಾನ ಕೆಟ್ಟದ್ದು ಅಂತಲ್ಲ, ಮನುಷ್ಯ ನೀಚನಾಗಿದ್ದ ಅಂತ. 1949ರ ನವೆಂಬರ್ 25ಕ್ಕೆ ಇನ್ನೂ ಬಿಡಿಸಿ ಹೇಳಿದರು: ಜನವರಿ 26ಕ್ಕೆ ನಾವು ವೈರುಧ್ಯದ ಬದುಕಿಗೆ ಕಾಲಿಡುತ್ತೇವೆ, ರಾಜಕೀಯದಲ್ಲಿ ಸಮಾನತೆ, ಸಮಾಜದಲ್ಲಿ, ಆರ್ಥಿಕದಲ್ಲಿ ಅಸಮಾನತೆ, ಇದನ್ನು ಬೇಗ ತೊಲಗಿಸದಿದ್ದರೆ ಅಸಮಾನತೆ ಉಂಡವರು ಈ ಪ್ರಜಾಪ್ರಭುತ್ವದ ಕಟ್ಟಡವನ್ನೇ ಸಿಡಿಸುತ್ತಾರೆ. ಬಾಬಾಸಾಹೇಬರು ಐವತ್ತು ವರ್ಷದ ಹಿಂದೆ ಬರೆದುಕೊಟ್ಟ ಎಚ್ಚರಿಕೆಯ ಚೀಟಿಯ ಅವಧಿ ಮುಗಿದಿದೆ ಅಂತ ನಾರಾಯಣನ್ ನೆನಪು ಮಾಡಿದರು, ಅಷ್ಟೇ.

ಈ ಪ್ರಶ್ನೆಯಿಂದ ಏನೂ ಆಗಲಿಲ್ಲ ಅನ್ನುವಂತಿಲ್ಲ. ಫೆಬ್ರವರಿಯಲ್ಲಿ ಆಯೋಗ ಬಂದಾಗ ಅದರ ಹೆಸರು ಸಂವಿಧಾನದ ಪರಿಶೀಲನೆ ಅಂತ ಇರಲಿಲ್ಲ, ಸಂವಿಧಾನದ ಕಾರ್ಯನಿರ್ವಹಣೆಯ ಪರಿಶೀಲನೆ ಅಂತ ಇತ್ತು. ಅಧ್ಯಕ್ಷರು ನಮ್ಮ ಕರ್ನಾಟಕದವರೇ, ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ. 2002ರ ಮಾರ್ಚಿಯಲ್ಲಿ ವರದಿ ಕೊಟ್ಟರು. ಸಂವಿಧಾನದ ಬುನಾದಿ ಅಲ್ಲಾಡಲಿಲ್ಲ. ಒಂದು ಪದದ ಅಂತರ. ಆದರೆ ಪದಗಳ ಅಂತರದಲ್ಲೇ ನಮ್ಮ ಮೀಸಲಾತಿ, ನಮ್ಮ ಓಟು ಎಲ್ಲ ನಿಂತಿರೋದು. ನ್ಯಾಯಾಂಗದ ವಿಷಯದಲ್ಲೂ ಹೀಗೇ. ಸುಪ್ರೀಂ ಕೋರ್ಟಿನ ನೇಮಕದ ಕಡತ ಬಂದಾಗ ದಲಿತರು, ಹಿಂದುಳಿದವರಲ್ಲಿ ಅರ್ಹರಿಲ್ಲವೇ ಅಂತ ರಾಷ್ಟ್ರಪತಿ ಟಿಪ್ಪಣಿ ಬರೆದದ್ದು ದೊಡ್ಡ ಗದ್ದಲವಾಯಿತು. 2000ದ ಜೂನ್‌ನಲ್ಲಿ ಕೆ.ಜಿ. ಬಾಲಕೃಷ್ಣನ್ ಆ ಕೋರ್ಟಿಗೆ ಹೋದರು, 2007ರಲ್ಲಿ ಮುಖ್ಯ ನ್ಯಾಯಮೂರ್ತಿಯಾದರು.

ಆದರೆ ಸಿಟ್ಟಿನ ಮಾತಿಗೆ ಉತ್ತರ ಬಂದದ್ದು ದೆಹಲಿಯಿಂದಲ್ಲ. ಚಿಂತಾಮಣಿ ತಾಲ್ಲೂಕಿನಿಂದ.

ಭಾಷಣವಾಗಿ 46ನೇ ದಿನ. 2000ದ ಮಾರ್ಚ್ 11. ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿ. ಏಳು ಮಂದಿ ದಲಿತರನ್ನು ಮನೆಯೊಳಗೆ ಕೂಡಿ ಬೆಂಕಿ ಹಚ್ಚಿ ಸುಟ್ಟರು. ಹರಪನಹಳ್ಳಿಯಲ್ಲಿ ಆ ಸುದ್ದಿ ಬಂದ ದಿನ ಕೇರಿಯ ಕಟ್ಟೆಯ ಮೇಲೆ ಯಾರೂ ದೊಡ್ಡ ದನಿಯಲ್ಲಿ ಮಾತಾಡಲಿಲ್ಲ. ಜನವರಿಯಲ್ಲಿ ಆ ಒಂದು ಸಾಲನ್ನು ಬಾಯಲ್ಲಿ ಚಪ್ಪರಿಸಿದ ಹುಡುಗರೇ ತಲೆ ತಗ್ಗಿಸಿ ಕೂತಿದ್ದರು. ಏನಾಗಿತ್ತು ಇಲ್ಲಿ? ತಾಳಿಕೊಂಡ ಜನರ ಸಿಟ್ಟಿಗೆ ಹುಷಾರು ಅಂತ ರಾಷ್ಟ್ರಪತಿ ಅಂದರು. ಸಿಟ್ಟು ಸಿಡಿದದ್ದು ಹೌದು. ಯಾರದು? ಒಂದು ದಿನವೂ ತಾಳಿ ಗೊತ್ತಿಲ್ಲದವರದು. ತಲೆ ಎತ್ತಿ ನಡೆದದ್ದಕ್ಕೆ, ಕೇಸು ಹಾಕಿದ್ದಕ್ಕೆ, ಎದುರು ಮಾತಾಡಿದ್ದಕ್ಕೆ ಕಾರಂಚೇಡು, ಚುಂಡೂರು, ಬದನವಾಳುಗಳಲ್ಲಿ ಸಿಡಿದದ್ದೂ ಅದೇ ಸಿಟ್ಟು.

ಇಲ್ಲಿ ನಾರಾಯಣನ್ ಅವರ ಮಾತನ್ನು ನಾನು ಸ್ವಲ್ಪ ತಿದ್ದಬೇಕು. ಅವರು ಬಡವರ ಸಿಟ್ಟನ್ನು ದೇಶಕ್ಕೆ ಬರಲಿರುವ ಗಂಡಾಂತರ ಅಂತ ತೋರಿಸಿದರು. ಮಧ್ಯಮವರ್ಗ ಅದನ್ನು ನಕ್ಸಲೈಟು, ದೊಂಬಿ, ಬೆಂಕಿ ಅಂತ ಓದಿಕೊಂಡಿತು. ಪತ್ರಿಕೆಗಳೂ ಹಾಗೇ ಓದಿದವು. ಆದರೆ ಐವತ್ತು ವರ್ಷದ ಲೆಕ್ಕ ತೆಗೆದರೆ ಗುಡಿಸಲು ಸುಟ್ಟದ್ದು ಯಾರ ಬೆಂಕಿ? ಬಾವಿಗೆ ವಿಷ ಹಾಕಿದ್ದು, ಬಹಿಷ್ಕಾರ ಹಾಕಿದ್ದು, 1987ರಲ್ಲಿ ಬೆಳಗಾವಿ ಜಿಲ್ಲೆಯ ಬೆಂಡಿಗೇರಿಯಲ್ಲಿ ಮನುಷ್ಯರ ಬಾಯಿಗೆ ಮಲ ತುರುಕಿದ್ದು ಯಾರ ಸಿಟ್ಟು? ನಮ್ಮ ಸಿಟ್ಟು ಹಾಡಾಯಿತು, ಪೋಸ್ಟರಾಯಿತು, ಜಾಥಾ ಆಯಿತು, ಕೋರ್ಟಿನ ಅರ್ಜಿಯಾಯಿತು. ನಮ್ಮ ಸಿಟ್ಟಿಗೆ ಹೆದರಿ ಊರು ಬಿಟ್ಟ ಗೌಡನನ್ನು ನಾನಂತೂ ಕಂಡಿಲ್ಲ.

ಕಂಬಾಲಪಲ್ಲಿಯ ಕೇಸಿನಲ್ಲಿ ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. 2006ರಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನು ಬಿಡುಗಡೆ ಮಾಡಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಮಂದಿ ಬೆಂದರು, ಬೇಯಿಸಿದವರು ಯಾರೂ ಇಲ್ಲ.

ಹೆದ್ದಾರಿಯ ಮಾತನ್ನೂ ಹೇಳಿಬಿಡುತ್ತೇನೆ, ಯಾಕಂದ್ರೆ ನಮ್ಮ ಕಡೆ ಅದು ಬರೀ ಉಪಮೆಯಾಗಿ ಉಳಿಯಲಿಲ್ಲ. ಭಾಷಣವಾದ ನಾಲ್ಕೈದು ವರ್ಷಕ್ಕೆ ಚೀನಾದಲ್ಲಿ ಕಬ್ಬಿಣದ ಹಸಿವು ಎದ್ದಿತು. ಸಂಡೂರು, ಹೊಸಪೇಟೆಯ ಬೆಟ್ಟಗಳು ಲಾರಿ ಏರಿದವು. ಕೂಡ್ಲಿಗಿಯ ಪಕ್ಕದ ಹೆದ್ದಾರಿಯಲ್ಲಿ ರಾತ್ರಿ ಹಗಲೂ ಅದಿರಿನ ಲಾರಿ. ರಸ್ತೆ ದಾಟುವ ಮಂದಿ, ದನ, ಸೈಕಲ್ಲು ಅವುಗಳಡಿ ಸಿಕ್ಕವು. ಹೊಲದ ಬೆಳೆಯ ಮೇಲೆ ಕೆಂಪು ಧೂಳು ಕೂತಿತು. 2011ರ ಜುಲೈಯಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂದು ಮುಖ್ಯಮಂತ್ರಿಯ ಕುರ್ಚಿ ಹೋಯಿತು. ಬೆಟ್ಟ ವಾಪಸು ಬರಲಿಲ್ಲ. ಆ ವೇಗದ ಹೊತ್ತಿನಲ್ಲೇ ನಮ್ಮ ಕೇರಿಗಳು ಸುಗ್ಗಿ ಮುಗಿದ ಕೂಡಲೇ ಬೀಗ ಹಾಕಿ ಗುಳೆ ಹೋಗುತ್ತಿದ್ದವು. ಮಲೆನಾಡಿನ ಕಾಫಿ ತೋಟಕ್ಕೆ, ಮಂಡ್ಯದ ಕಬ್ಬಿಗೆ, ಬೆಂಗಳೂರಿನ ಕಟ್ಟಡಕ್ಕೆ. ಪ್ರಾದೇಶಿಕ ಅಸಮಾನತೆಯ ಬಗ್ಗೆಯೂ ರಾಷ್ಟ್ರಪತಿ ಅಂದು ಹೇಳಿದ್ದರು. ಅದೇ ವರ್ಷ ಕರ್ನಾಟಕ ಸರ್ಕಾರ ಡಿ.ಎಂ. ನಂಜುಂಡಪ್ಪ ಸಮಿತಿ ಮಾಡಿತು. 2002ರ ವರದಿಯಲ್ಲಿ ಹರಪನಹಳ್ಳಿ ಅತಿ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಕೂತಿತು. ಆದರೆ 2013ರಲ್ಲಿ ಹೈದರಾಬಾದ್ ಕರ್ನಾಟಕದ ಆರು ಜಿಲ್ಲೆಗೆ 371ಜೆ ಸವಲತ್ತು ಜಾರಿಯಾದಾಗ ಬಳ್ಳಾರಿಗೆ ಸಿಕ್ಕಿತು, ನಮಗೆ ಇಲ್ಲ. ಯಾಕಂದ್ರೆ ನಾವು 1997ರಿಂದ ದಾವಣಗೆರೆ ಜಿಲ್ಲೆ! ಕೂಡ್ಲಿಗಿಯ ಹುಡುಗನಿಗೆ ಮೀಸಲು, ಪಕ್ಕದ ಹೊಲದ ಹರಪನಹಳ್ಳಿ ಹುಡುಗನಿಗೆ ಇಲ್ಲ. ಧರಣಿ, ಬಂದ್ ಎಲ್ಲ ಆಗಿ 2018ರಲ್ಲಿ ಮತ್ತೆ ಬಳ್ಳಾರಿಗೆ ಸೇರಿದೆವು, 2021ರಲ್ಲಿ ವಿಜಯನಗರ ಜಿಲ್ಲೆ. ಇದೂ ಒಂದು ತಾಳ್ಮೆ.

ನಾರಾಯಣನ್ 2002ರ ಜುಲೈಯಲ್ಲಿ ರಾಷ್ಟ್ರಪತಿ ಭವನ ಬಿಟ್ಟರು. 2005ರ ನವೆಂಬರ್ 9ಕ್ಕೆ ತೀರಿಕೊಂಡರು. ಅವರ ಚಿತ್ರ ನಮ್ಮ ಕೇರಿಯ ಗೋಡೆಗಳ ಮೇಲೆ ಕಾಣೋದಿಲ್ಲ. ಬಾಬಾಸಾಹೇಬರ ಪಕ್ಕ ಅವರಿಗೆ ಜಾಗ ಸಿಕ್ಕಿಲ್ಲ. ಅವರು ಚಳವಳಿಯಿಂದ ಬಂದವರಲ್ಲ ಅನ್ನೋದು ಕಾರಣ ಇರಬಹುದು. ಅವರ ನಂತರ 2017ರಲ್ಲಿ ರಾಮನಾಥ ಕೋವಿಂದ್, 2022ರಲ್ಲಿ ದ್ರೌಪದಿ ಮುರ್ಮು ಆ ಕುರ್ಚಿಗೆ ಬಂದರು. ಜನವರಿ 25ರ ಭಾಷಣಗಳು ಆಗುತ್ತಲೇ ಬಂದಿವೆ. ಅವುಗಳಲ್ಲಿ ಯಾವುದರ ಒಂದು ಸಾಲೂ ಕಟ್ಟೆಯ ಮೇಲೆ ಚರ್ಚೆಗೆ ಬಂದದ್ದನ್ನು ನಾನು ಕೇಳಿಲ್ಲ.

2000ದ ಸಾಲು ಮಾತ್ರ ಒಮ್ಮೆ ಮತ್ತೆ ಬಂದಿತು. ನೆರೆಯ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿದ್ದಿತ್ತು. ಹೋಟೆಲು, ಕ್ಷೌರದಂಗಡಿಗೆ ಬಿಡಲಿಲ್ಲ ಅಂತ ಕೇಳಿದವರ ಗುಡಿಸಲುಗಳು. ಹತ್ತು ವರ್ಷ ಕೇಸು ನಡೆಯಿತು. 2024ರ ಅಕ್ಟೋಬರ್ 24ಕ್ಕೆ ಕೊಪ್ಪಳದ ಕೋರ್ಟು 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅವತ್ತು ಕಟ್ಟೆಯ ಮೇಲೆ, ಹಿಂದೆ ಕಾಲೇಜು ಹುಡುಗನಾಗಿ ಇಂಗ್ಲಿಷ್ ಬಿಡಿಸಿ ಹೇಳಿದ್ದವನೇ, ಈಗ ಕೂದಲು ನೆರೆತ ಮೇಷ್ಟ್ರು, ಪತ್ರಿಕೆ ಓದಿ ಹೇಳಿದ. ಒಬ್ಬರು ಕೇಳಿದರು: 'ಆ ರಾಷ್ಟ್ರಪತಿ ಹೇಳಿದ ಸಿಟ್ಟು ಇದೇನಪ್ಪ?' ಮೇಷ್ಟ್ರು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಹತ್ತು ವರ್ಷ ಯಾವ ಸಾಕ್ಷಿಗಳು ತಿರುಗಿಬೀಳದೆ ನಿಂತರು ಅವರ ಹೆಸರು ಪತ್ರಿಕೆಯಲ್ಲಿ ಇದೆಯೇನೋ ಅಂತ ಹುಡುಕುತ್ತಿದ್ದ. ಮುಂದಿನ ತಿಂಗಳೇ ಹೈಕೋರ್ಟು ಆ 98ರಲ್ಲಿ ಬಹುತೇಕರಿಗೆ ಜಾಮೀನು ಕೊಟ್ಟಿತು. ಅವರು ಊರಿಗೆ ಬಂದರು. ಸಾಕ್ಷಿ ಹೇಳಿದವರೂ ಅದೇ ಊರಿನಲ್ಲಿದ್ದಾರೆ.